ಮೂರು ಶರತ್ಕಾಲಗಳ ಪರ್ಮಿಟ್

ಅಂಕಲ್ ಆ ಅರ್ಜಿಯನ್ನು ಪ್ರಿಂಟ್ ತೆಗೆಸಿಕೊಂಡೇ ಬಂದಿದ್ದರು. ಫೋನಿಗೆ ಲಿಂಕ್ ಕಳಿಸಿದರೆ ನಾನು ನೋಡಿಯೂ ನೋಡದವನಂತೆ ಇದ್ದುಬಿಡುತ್ತೇನೆಂದು ಇಷ್ಟು ವರ್ಷಗಳ ಒಡನಾಟದಲ್ಲಿ ಅವರಿಗೆ ಗೊತ್ತಾಗಿತ್ತು. ನವೆಂಬರಿನ ಒಂದು ಸೋಮವಾರ ಸಂಜೆ, ನಮ್ಮ ಅಡುಗೆಮನೆಯ ಮೇಜಿನ ಮೇಲೆ ನಾಲ್ಕು ಹಾಳೆ ಹರಡಿ, ಕನ್ನಡಕ ಏರಿಸಿಕೊಂಡು, ಶುಕ್ರವಾರ ಕೊನೆಯ ದಿನ ಎಂದರು.

ಅಂಕಲ್ ಎಂದರೆ ನಮ್ಮ ಪಕ್ಕದ ಮನೆಯವರು. ವಯಸ್ಸು ಎಪ್ಪತ್ತೆರಡು. ಜೀವಮಾನವೆಲ್ಲ ಕುರಿ ಫಾರ್ಮುಗಳಿಗೆ ಬೇಲಿ ಹಾಕಿದವರು. ಮದುವೆಯಾಗಿ ಮೈಸೂರಿನಿಂದ ಭೂಮಿಯ ದಕ್ಷಿಣ ತುದಿಯ ಈ ಡನೀಡಿನ್ ಊರಿಗೆ ಬಂದ ನನ್ನ ಹೆಂಡತಿ ಮೊದಲ ವಾರವೇ ಕಾಂಪೌಂಡಿನ ಆಚೆ ನಿಂತಿದ್ದ ಅವರನ್ನು ಅಂಕಲ್ ಎಂದು ಕರೆದುಬಿಟ್ಟಳು. ಮೊದಮೊದಲು ಅವರಿಗೆ ನಗು ಬರುತ್ತಿತ್ತು. ಈಗ ಹಾಗೆ ಕರೆಯದಿದ್ದರೆ ನಾವು ಸಿಟ್ಟಾಗಿದ್ದೇವೆ ಎಂದುಕೊಳ್ಳುತ್ತಾರೆ.

ನನಗೆ ಬೇಟೆ ಕಲಿಸಿದವರೂ ಅವರೇ. ನಾನು ಮಂಡ್ಯದ ಕಡೆಯವನು, ಇಲ್ಲಿನ ಯೂನಿವರ್ಸಿಟಿಗೆ ಓದಲು ಬಂದು, ಇಲ್ಲೇ ಉಳಿದು, ಸೇತುವೆಗಳ ಬಿರುಕು ಅಳೆಯುವ ಕೆಲಸ ಹಿಡಿದವನು. ಅದುವರೆಗೆ ನಾನು ಗುರಿಯಿಟ್ಟು ಹೊಡೆದದ್ದೆಂದರೆ ಪಕ್ಕದ ತೋಟದ ಮಾವಿನಕಾಯಿ. ಊರಿನಲ್ಲಿ ಜಿಂಕೆ ಮುಟ್ಟಿದರೆ ಜೈಲು. ಇಲ್ಲಿ ಜಿಂಕೆ ಹೊರದೇಶದಿಂದ ತಂದು ಬಿಟ್ಟ ಪ್ರಾಣಿ, ಕಾಡಿನ ಚಿಗುರನ್ನೆಲ್ಲ ಮೇದು ಹಾಳು ಮಾಡುತ್ತದೆ ಎಂದು ಹೊಡೆದವನಿಗೆ ಥ್ಯಾಂಕ್ಸ್ ಹೇಳುತ್ತಾರೆ. ಇಷ್ಟನ್ನು ಫೋನಿನಲ್ಲಿ ಅಮ್ಮನಿಗೆ ಅರ್ಥ ಮಾಡಿಸುವಷ್ಟರಲ್ಲಿ ನಾನು ಬಂದೂಕಿನ ಲೈಸೆನ್ಸ್ ಪಡೆದು, ಮೂರು ಜಿಂಕೆ ಹೊಡೆದು, ನಾಲ್ಕನೆಯದಕ್ಕೆ ಹೊರಟಿದ್ದೆ. ನಮ್ಮ ಮನೆಯಲ್ಲಿ ಮಾಂಸ ಹೊಸದಲ್ಲ. ದೂರದ ಪಾಪಟೋಟೊಯಿ ಊರಿನ ಇಂಡಿಯನ್ ಅಂಗಡಿಯಿಂದ ತರಿಸಿದ ರಾಗಿ ಹಿಟ್ಟಿನಲ್ಲಿ ಮುದ್ದೆ ಕಟ್ಟಿ, ಜಿಂಕೆ ಮಾಂಸದ ಸಾರು ಮಾಡಿ ಅಂಕಲ್‌ಗೆ ಬಡಿಸಿದ ದಿನ ಅವರು ಮುದ್ದೆಯನ್ನು ಅಗಿಯಲು ಹೋಗಿ ಹತ್ತು ನಿಮಿಷ ಒದ್ದಾಡಿದ್ದರು. ನುಂಗಬೇಕು ಎಂದು ಮೊದಲೇ ಹೇಳುವುದು ನಮಗೆ ಮರೆತಿತ್ತು.

ಈಗ ಅವರು ತಂದ ಅರ್ಜಿ ಒಳನಾಡಿನ ದೊಡ್ಡ ಕುರಿ ಫಾರ್ಮೊಂದರ ಹಿಂದಿನ ಕಣಿವೆಗೆ ಸಂಬಂಧಪಟ್ಟದ್ದು. ಮೊದಲೆಲ್ಲ ಅಲ್ಲಿಗೆ ಒಂದೊಂದು ಶರತ್ಕಾಲಕ್ಕೆ, ಅಂದರೆ ಇಲ್ಲಿನ ಮಾರ್ಚ್‌ನಿಂದ ಮೇವರೆಗೆ, ಮಾತ್ರ ಬೇಟೆಯ ಪರ್ಮಿಟ್ ಕೊಡುತ್ತಿದ್ದರು. ಈಗ ಒಟ್ಟಿಗೆ ಮೂರು ವರ್ಷಕ್ಕೆ. ಕನಿಷ್ಠ ಇಬ್ಬರಾದರೂ ಲೈಸೆನ್ಸ್ ಇದ್ದವರು ಜೊತೆಯಾಗಿ ಅರ್ಜಿ ಹಾಕಬೇಕು. ಹೆಸರು ಕೊಟ್ಟ ಪ್ರತಿಯೊಬ್ಬರೂ ಪ್ರತಿ ವರ್ಷ ಎರಡಾದರೂ ಹೆಣ್ಣು ಜಿಂಕೆ ಹೊಡೆಯಲೇಬೇಕು, ಏಕೆಂದರೆ ಫಾರ್ಮಿನವರಿಗೆ ಬೇಕಾದದ್ದು ಮಂದೆ ಕರಗುವುದು. ಒಬ್ಬರಿಗೆ ಬರಲಾಗದಿದ್ದರೆ ಹೊರಡುವ ಮುಂಚೆಯೇ ತಿಳಿಸಬೇಕು. ಆಗ ಆ ವರ್ಷದ ಮಟ್ಟಿಗೆ ಕಣಿವೆ ಬೇರೆಯವರ ಪಾಲು.

"ಇಪ್ಪತ್ತು ವರ್ಷದವನಿದ್ದಾಗ ಆ ಕಣಿವೆಗೆ ಬೇಲಿ ಹಾಕಿದವನು ನಾನು. ಈ ಕಾಲುಗಳು ಇನ್ನೊಂದು ಮೂರು ವರ್ಷ ಎಳೆಯುತ್ತವೆ. ನಾಲ್ಕನೆಯದಕ್ಕೆ ನಾನು ಜವಾಬ್ದಾರನಲ್ಲ," ಎಂದರು ಅಂಕಲ್. ಬಾಗಿಲಲ್ಲಿ ನಿಂತು ಬೂಟು ಹಾಕಿಕೊಳ್ಳುತ್ತ, "ಯೋಚನೆ ಮಾಡು, ಮೇಟ್," ಎಂದು ಹೋದರು.

ಅವರ ಲೆಕ್ಕದಲ್ಲಿ ಇದರಲ್ಲಿ ಯೋಚಿಸುವಂಥದ್ದು ಏನೂ ಇರಲಿಲ್ಲ. ನನಗಿತ್ತು. ಎರಡೂವರೆ ವರ್ಷದಿಂದ ನಾನು ಒಂದೇ ಒಂದು ಗುಂಡು ಹಾರಿಸಿರಲಿಲ್ಲ, ಅದಕ್ಕೆ ಕಾರಣವನ್ನು ಯಾರಿಗೂ ಹೇಳಿರಲಿಲ್ಲ.

ಎರಡೂವರೆ ವರ್ಷದ ಹಿಂದಿನ ಏಪ್ರಿಲ್‌ನಲ್ಲಿ, ಒಂದು ಶನಿವಾರ, ನಾನೊಂದು ಹೆಣ್ಣು ಜಿಂಕೆ ಹೊಡೆದೆ. ಮುಂದಿನ ಬುಧವಾರ ಬೆಳಿಗ್ಗೆ ಹೆಂಡತಿ ಬಚ್ಚಲಿನಿಂದ ಆಚೆ ಬಂದು ಎರಡು ಗೆರೆ ಮೂಡಿದ ಕಡ್ಡಿಯನ್ನು ನನ್ನ ಕಾಫಿ ಲೋಟದ ಪಕ್ಕ ಇಟ್ಟಳು. ಮದುವೆಯಾಗಿ ಐದು ವರ್ಷ ಕಾದಿದ್ದ ಕಡ್ಡಿ ಅದು. ಆಫೀಸಿಗೆ ಹೋಗುವ ದಾರಿಯಲ್ಲಿ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಅತ್ತಳು, ನಕ್ಕಳು, ಮನೆದೇವರಿಗೆ ಏನೇನೋ ಹರಕೆ ಹೊತ್ತಳು. ಆಮೇಲೆ ದನಿ ತಗ್ಗಿಸಿದಳು.

"ಮಗ, ಇನ್ಮೇಲೆ ಆ ಬಂದೂಕ ಮುಟ್ಟಬ್ಯಾಡ. ಬಸುರಿ ಹೆಂಡ್ತಿ ಮನೇಲಿರುವಾಗ ಗಂಡ ಆದೋನು ಜೀವ ತಗೀಬಾರ್ದು ಕಣಪ್ಪ."

"ಆಯ್ತಮ್ಮ."

"ಈಚೆಗೆ ಏನೂ ಹೊಡ್ದಿಲ್ಲ ತಾನೇ?"

"ಇಲ್ಲಮ್ಮ," ಎಂದೆ. ಶನಿವಾರದ ಜಿಂಕೆಯ ತೊಡೆ ಆಗ ನಮ್ಮ ಫ್ರೀಜರಿನಲ್ಲಿತ್ತು, ಪ್ಲಾಸ್ಟಿಕ್ಕಿನ ಮೇಲೆ ನನ್ನದೇ ಕೈಬರಹದ ತಾರೀಖು ಸಮೇತ.

ಈ ಮಾತು ನನಗೆ ಹೊಸದೇನೂ ಅಲ್ಲ. ನಮ್ಮ ಕಡೆ ಹೆಂಡತಿ ಬಸುರಿ ಎಂದು ಗೊತ್ತಾದ ದಿನದಿಂದ ಗಂಡ ಕೋಳಿಯನ್ನೂ ಕೊಯ್ಯುವುದಿಲ್ಲ. ಪಕ್ಕದ ಮನೆಯವರನ್ನು ಕರೆದು ಕೊಯ್ಯಿಸುತ್ತಾರೆ. ಮನೆಯೊಳಗೆ ಹಾವು ಬಂದರೂ ಕೋಲು ಹಿಡಿಯುವವನು ಬೇರೆಯವನೇ. ನಾನು ಓದಿದವನು, ಕಾಂಕ್ರೀಟಿನ ಬಿರುಕಿಗೆ ಕಾರಣ ಹುಡುಕುವುದೇ ನನ್ನ ಅನ್ನ. ಇದನ್ನೆಲ್ಲ ಓದುವ ಕಾಲದಲ್ಲಿ ಫ್ಲ್ಯಾಟ್‌ಮೇಟುಗಳ ಮುಂದೆ ತಮಾಷೆ ಮಾಡಿ ಹೇಳಿದವನು.

ಹನ್ನೊಂದನೆಯ ವಾರದಲ್ಲಿ ಗರ್ಭ ನಿಲ್ಲಲಿಲ್ಲ. ಹೀಗೆ ಎಷ್ಟೋ ಜನರಿಗೆ ಆಗುತ್ತದೆ, ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಸಮಾಧಾನವಾಗಿ ಹೇಳಿದರು. ಆಸ್ಪತ್ರೆಯ ಲ್ಯಾಬಿನಲ್ಲೇ ಕೆಲಸ ಮಾಡುವ ನನ್ನ ಹೆಂಡತಿ ತಲೆಯಾಡಿಸಿದಳು. ನಾನೂ ತಲೆಯಾಡಿಸಿದೆ. ಆದರೆ ನನ್ನ ತಲೆಯೊಳಗೆ ಇದ್ದದ್ದು ಆ ಶನಿವಾರ. ನಾಚಿಕೆಗೇಡು ಅನ್ನಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಆಮೇಲಿಂದ ನಾನೊಂದು ಲೆಕ್ಕ ಹಾಕಿಕೊಂಡೆ. ಅವಳು ಯಾವ ತಿಂಗಳು ಬೇಕಾದರೂ ಬಸುರಿಯಾಗಿರಬಹುದು, ಗೊತ್ತಾಗುವ ಮುಂಚೆಯೇ ಆಗಿರಬಹುದು, ಆದ್ದರಿಂದ ಯಾವ ತಿಂಗಳೂ ನಾನು ಜೀವ ತೆಗೆಯುವಂತಿಲ್ಲ. ಅಂಕಲ್ ಜೊತೆ ಬೆಟ್ಟ ಹತ್ತುವುದನ್ನು ಮಾತ್ರ ಬಿಡಲಿಲ್ಲ. ಬಂದೂಕಿನ ಬದಲು ದುರ್ಬೀನು ಹಿಡಿದೆ, ಅವರು ಹೊಡೆದದ್ದನ್ನು ಹೊತ್ತುಕೊಂಡು ಬಂದೆ. ಕೇಳಿದವರಿಗೆ ಭುಜ ನೋವು, ಬಂದೂಕು ಒದೆಯುವುದನ್ನು ತಡೆಯಲಾಗುವುದಿಲ್ಲ ಎಂದೆ. ಹೆಂಡತಿಗೂ ಅದನ್ನೇ ಹೇಳಿದೆ. ಎರಡು ಶರತ್ಕಾಲ ಹೀಗೆ ಕಳೆದವು, ಮಗುವಿನ ಸುದ್ದಿ ಬರಲಿಲ್ಲ. ಚಿಕಿತ್ಸೆಗೆ ಹೆಸರು ಬರೆಸಿದ್ದೆವು. ಈ ಫೆಬ್ರವರಿಗೆ ನಮ್ಮ ಸರದಿ ಎಂದು ಕ್ಲಿನಿಕ್ಕಿನವರು ಹೇಳಿದ್ದರು.

ಇದರ ಮಧ್ಯೆ ಈ ಅರ್ಜಿ. ಸಹಿ ಹಾಕಿದರೆ ಮೂರು ವರ್ಷ ನಮ್ಮ ಮನೆಗೆ ಮಗು ಬರುವುದಿಲ್ಲ ಎಂದು ನಾನೇ ಬರೆದುಕೊಟ್ಟ ಹಾಗೆ. ಹಾಕದಿದ್ದರೆ ಅಂಕಲ್‌ಗೆ ಕಣಿವೆ ಇಲ್ಲ, ಯಾಕೆಂದು ಹೇಳಲು ನನಗೆ ಬಾಯಿಲ್ಲ.

ಮಂಗಳವಾರ ಒಂದು ಹಳೆಯ ಸೇತುವೆಯ ಅಡಿ ಏಣಿ ಹಾಕಿ ನಿಂತು ಒಂದೇ ಬಿರುಕನ್ನು ಮೂರು ಸಲ ಅಳೆದೆ. ಬುಧವಾರ ಅಂಕಲ್‌ಗೆ ಹೇಳಲು ನೆಪಗಳನ್ನು ಯೋಚಿಸಿದೆ: ರಜೆ ಸಿಗುವುದಿಲ್ಲ, ಆಫೀಸಿನವರು ದೂರದ ಪೊರಿರುವಾ ಊರಿನ ಕೆಲಸಕ್ಕೆ ಕಳಿಸಬಹುದು, ಭುಜ. ಒಂದಾದರೂ ಅವರ ಮುಖ ನೋಡಿಕೊಂಡು ಹೇಳುವಂತಿರಲಿಲ್ಲ. ಅವರು ಮನೆ ಮುಂದೆ ನಾಯಿ ಕಟ್ಟಿಕೊಂಡು ಹೋಗುವುದು ಕಂಡರೆ ನಾನು ಕಿಟಕಿಯಿಂದ ಹಿಂದೆ ಸರಿಯುತ್ತಿದ್ದೆ. ನಲವತ್ತರ ಹತ್ತಿರದ ಗಂಡಸು ಪರದೆಯ ಹಿಂದೆ ಅವಿತುಕೊಳ್ಳುವುದನ್ನು ಹೆಂಡತಿ ಎರಡು ಸಲ ನೋಡಿದಳು.

ಗುರುವಾರ ಅವಳಿಗೆ ರಜೆ. ನಾನು ಕೆಲಸದಿಂದ ಬೇಗ ಬಂದಾಗ ಹಿತ್ತಲಿನಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಸೋಮವಾರದಿಂದ ಮೇಜಿನ ಮೇಲಿದ್ದ ಅರ್ಜಿ ಈಗ ಅವಳ ಬಟ್ಟೆ ಬುಟ್ಟಿಯಲ್ಲಿತ್ತು.

"ಇದಕ್ಕೆ ಯಾಕೆ ಸೈನ್ ಹಾಕಿಲ್ಲ?" ಎಂದಳು.

"ಭುಜ ಇನ್ನೂ ಸರಿಹೋಗಿಲ್ಲ."

"ರೀ, ಎರಡು ವರ್ಷದಿಂದ ಭುಜ ನೋವು ಅಂತೀರ. ಇಪ್ಪತ್ತು ಕೇಜಿ ಅಕ್ಕಿ ಮೂಟೆ ಮಾತ್ರ ಅದೇ ಭುಜದ ಮೇಲೆ ಹೊತ್ಕೊಂಡು ಬರ್ತೀರ."

ನಾನು ಕ್ಲಿಪ್ಪುಗಳ ಡಬ್ಬಿ ಹಿಡಿದು ನಿಂತೆ. ಅವಳು ಒಂದು ದಿಂಬಿನ ಕವರನ್ನು ಕೊಡವಿ, ತಂತಿಗೆ ಹಾಕಿ, ನನ್ನ ಕಡೆ ನೋಡದೆಯೇ ಹೇಳಿದಳು.

"ಅವತ್ತು ಅತ್ತೆ ನನಗೂ ಫೋನ್ ಮಾಡಿದ್ರು. ನಿಮಗೆ ಹೇಳಿದ್ದನ್ನೇ ನನಗೂ ಹೇಳಿದ್ರು. ಅವನು ಬೇಟೆಗೆ ಹೋಗದ ಹಾಗೆ ನೋಡ್ಕೋ ಅಂದ್ರು. ನೀವು ಶನಿವಾರ ಹೊಡ್ಕೊಂಡು ಬಂದಿದ್ದು ನನಗೆ ಗೊತ್ತಿರಲಿಲ್ವಾ? ತೊಳೆದು ಪ್ಯಾಕ್ ಮಾಡಿದವಳೇ ನಾನು."

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನೀವು ಹೇಳಲಿ ಅಂತ. ನೀವು ಹೊಡೆದ ಜಿಂಕೆಗೂ ನನ್ನ ಹೊಟ್ಟೆಗೂ ಏನೂ ಸಂಬಂಧ ಇಲ್ಲ ರೀ. ದಿನಾ ಲ್ಯಾಬಲ್ಲಿ ನೋಡೋಳು ನಾನು. ಅದಕ್ಕಲ್ಲ ನನಗೆ ಸಂಕಟ ಆಗಿದ್ದು." ಅವಳು ಡಬ್ಬಿಯಿಂದ ಇನ್ನೊಂದು ಕ್ಲಿಪ್ಪು ತೆಗೆದುಕೊಂಡಳು. "ನೀವು ಬಂದೂಕು ಮುಟ್ಟದೆ ಕಾಯ್ತಾ ಇದ್ರಲ್ಲ, ಅದು. ಪ್ರತಿ ತಿಂಗಳೂ ನಾನೊಂದು ಎಕ್ಸಾಮ್ ಬರೀತಾ ಇದ್ದ ಹಾಗಿತ್ತು. ಪ್ರತಿ ತಿಂಗಳೂ ಫೇಲು. ನೀವು ಒಂದು ಮಾತು ಕೇಳ್ತಿರಲಿಲ್ಲ. ದುರ್ಬೀನು ತಗೊಂಡು ಹೋಗ್ತಿದ್ರಿ. ಅದನ್ನ ನೋಡಿದಾಗೆಲ್ಲ, ಇವರು ಇನ್ನೂ ಕಾಯ್ತಾ ಇದಾರೆ, ನನ್ನ ಕೈಲಿ ಆಗ್ತಿಲ್ಲ ಅನ್ಸೋದು."

ನನಗೆ ಅಳು ಬಂತು. ಅವಳಿಗೆ ನೋವಾಗಬಾರದೆಂದು ಎರಡೂವರೆ ವರ್ಷ ಬಾಯಿ ಕಟ್ಟಿಕೊಂಡಿದ್ದೆ, ಆ ಮೌನವೇ ಅವಳನ್ನು ತಿಂದಿತ್ತು. ಅವಳೂ ಅತ್ತಳು. ಒದ್ದೆ ಟವೆಲಿನಲ್ಲೇ ಇಬ್ಬರೂ ಮುಖ ಒರೆಸಿಕೊಂಡೆವು.

ಒಳಗೆ ಬಂದು ಅವಳು ಕಾಫಿ ಮಾಡಿದಳು, ಅರ್ಜಿಯನ್ನು ನನ್ನ ಮುಂದೆ ಇಟ್ಟಳು. "ಮೂರೂ ವರ್ಷಕ್ಕೆ ಹಾಕಿ," ಎಂದಳು.

"ಮಗು ಬಂದರೆ?"

"ಬಂದ್ರೆ ನಾನೇ ಅಂಕಲ್‌ಗೆ ಫೋನ್ ಮಾಡಿ, ಈ ವರ್ಷ ಇವರು ಬರಲ್ಲ ಅಂತೀನಿ. ಅತ್ತೆ ಮಾತು ನಡೆಸೋಣ, ನನಗೇನೂ ಬೇಜಾರಿಲ್ಲ. ಆದರೆ ಆ ಫೋನ್ ಮಾಡೋಳು ನಾನು. ಅಲ್ಲೀವರೆಗೆ ನೀವು ಕಾಯಬೇಡಿ, ಹೋಗಿ."

ಸಹಿ ಹಾಕಿದೆ. ಆಮೇಲೆ ಅವಳು ಫ್ರೀಜರಿನ ತಳದಿಂದ ಆ ತೊಡೆಯನ್ನು ಎತ್ತಿ ಸಿಂಕಿನಲ್ಲಿಟ್ಟಳು. ಎರಡೂವರೆ ವರ್ಷ ಅದನ್ನು ನಾವಿಬ್ಬರೂ ಬೇಯಿಸಿರಲಿಲ್ಲ, ಬಿಸಾಡಿರಲಿಲ್ಲ, ಬಟಾಣಿ ತೆಗೆಯುವಾಗೆಲ್ಲ ಆಚೀಚೆ ಸರಿಸಿ ಮತ್ತೆ ಮುಚ್ಚಿದ್ದೆವು. ಮಂಜು ಹಿಡಿದು ಬೆಳ್ಳಗಾಗಿತ್ತು. ಅಂಕಲ್‌ನ ನಾಯಿಗೆ ಕೊಟ್ಟೆವು. ಅದು ಎರಡು ದಿನದಲ್ಲಿ ಮುಗಿಸಿತು.

ಅರ್ಜಿ ಕೊಡಲು ಹೋದಾಗ ಅಂಕಲ್‌ಗೆ ಎಲ್ಲ ಹೇಳಿದೆ. ನಮ್ಮಲ್ಲಿ ಹೀಗೊಂದು ಪದ್ಧತಿ ಇದೆ, ನಂಬುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ, ಮೀರುವುದು ಮಾತ್ರ ನನ್ನಿಂದಾಗದು ಎಂದೆ. ಅವರು ನಾಯಿಯ ಕಿವಿ ಕೆರೆಯುತ್ತ ಕೇಳಿಸಿಕೊಂಡರು.

"ಎರಡು ವರ್ಷದಿಂದ ನೀನು ದುರ್ಬೀನು ಹಿಡಿದು ಬರುತ್ತಿದ್ದದ್ದು ಇದಕ್ಕಾ? ನಾನು ನಿನ್ನ ಧೈರ್ಯ ಹೋಗಿದೆ ಅಂದುಕೊಂಡಿದ್ದೆ. ಕೇಳಬಾರದು ಅಂತ ಸುಮ್ಮನಿದ್ದೆ."

"ಅವಳು ಫೋನ್ ಮಾಡಿದರೆ ಆ ವರ್ಷ ನಿಮಗೂ ಕಣಿವೆ ಇರೋದಿಲ್ಲ," ಎಂದೆ.

"ಹಾಗಾದರೆ ಆ ವರ್ಷ ಶೆಡ್ಡಿನಲ್ಲಿ ಕೂತು ತೊಟ್ಟಿಲು ಮಾಡ್ತೀನಿ. ಕಣಿವೆ ಎಲ್ಲೂ ಹೋಗೋದಿಲ್ಲ," ಎಂದರು. ತಮ್ಮ ಕಾಲಿನ ವಿಷಯ ಎತ್ತಲಿಲ್ಲ.

ಪರ್ಮಿಟ್ ಡಿಸೆಂಬರಿನಲ್ಲಿ ಬಂತು. ಜನವರಿಯಲ್ಲಿ ಗುರಿ ಅಭ್ಯಾಸಕ್ಕೆ ಹೋದೆ. ಅಷ್ಟು ದಿನ ಸುಳ್ಳು ಹೇಳಿದ್ದಕ್ಕೋ ಏನೋ, ಭುಜ ನಿಜವಾಗಿಯೂ ನೋಯಿತು. ಫೆಬ್ರವರಿಯಲ್ಲಿ ಕ್ಲಿನಿಕ್ಕಿಗೆ ಓಡಾಡಿದೆವು. ಇಂಜೆಕ್ಷನ್ನುಗಳನ್ನು ಅವಳು ತಾನೇ ಚುಚ್ಚಿಕೊಳ್ಳುತ್ತಿದ್ದಳು, ನಾನು ಹತ್ತಿ ಹಿಡಿದು ನಿಂತಿರುತ್ತಿದ್ದೆ. ಅಂಕಲ್‌ನ ನಂಬರನ್ನು ಅವಳು ತನ್ನ ಮೊಬೈಲಿಗೆ ಹಾಕಿಕೊಂಡಳು. ಇಷ್ಟು ವರ್ಷ ಬೇಕಾದಾಗ ಕಾಂಪೌಂಡಿನ ಮೇಲಿಂದ ಕೂಗುತ್ತಿದ್ದವಳಿಗೆ ಆ ನಂಬರು ಬೇಕಾಗಿರಲಿಲ್ಲ.

ಮಾರ್ಚ್ ಕೊನೆಯ ವಾರ ಹೊರಡುವ ಬೆಳಿಗ್ಗೆ ಅಂಕಲ್ ತಮ್ಮ ಯೂಟ್ ಎಂಬ ಪಿಕಪ್ ಗಾಡಿಯನ್ನು ನಮ್ಮ ಗೇಟಿನ ಮುಂದೆ ತಂದು ನಿಲ್ಲಿಸಿದರು. ಚಳಿ ಶುರುವಾಗಿತ್ತು, ಬಿಸಿಲೂ ಇತ್ತು. ನಾನು ಬಂದೂಕಿನ ಪೆಟ್ಟಿಗೆ, ಚೀಲ, ಬೂಟು ಎಲ್ಲವನ್ನೂ ಬಾಗಿಲಲ್ಲಿ ಇಟ್ಟುಕೊಂಡು ನಿಂತಿದ್ದೆ. ಹಾರ್ನ್ ಮಾಡದೆ ಅಂಕಲ್ ಎಂಜಿನ್ ಆರಿಸಿ ಕೂತರು. ಹೆಂಡತಿ ಚಿತ್ರಾನ್ನದ ಸ್ಟೀಲ್ ಡಬ್ಬಿ ಹಿಡಿದು ನನ್ನನ್ನು ದಾಟಿಕೊಂಡು ಗೇಟಿನವರೆಗೆ ಹೋದಳು. ಅವರು ಗಾಜು ಇಳಿಸಿ, ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ನನ್ನ ಕಡೆ ನೋಡದೆ ಅವಳನ್ನೇ ಕೇಳಿದರು.

"ನನಗೆ ಫೋನ್ ಏನೂ ಬರಲಿಲ್ಲ. ಇವನನ್ನು ಕರೆದುಕೊಂಡು ಹೋಗಬಹುದಾ?"

ಅವಳು ಕಿಟಕಿಯ ಅಂಚಿನ ಮೇಲೆ ಕೈಯಿಟ್ಟಳು.

"ಈ ವರ್ಷ ಕರ್ಕೊಂಡು ಹೋಗಿ, ಅಂಕಲ್," ಎಂದಳು.

ನಾನು ಪೆಟ್ಟಿಗೆಯನ್ನು ಹಿಂದೆ ಇಟ್ಟು, ಹತ್ತಿ ಕೂತೆ.