ಬಾಗಿಲಲ್ಲಿ ನಿಂತರೆ ಏನು ಕಾಣುತ್ತೆ?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅರ್ಧ ಎತ್ತಿದ ಷಟರಿನ ಹಿಂದೆ, ದರ್ಜಿ ಅಂಗಡಿಯೊಳಗೆ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿದೆ. ಫೋನಕ್ಕ ಕತ್ತರಿ ಬದಿಗಿಟ್ಟು ರಿಸೀವರ್ ಎತ್ತುತ್ತಾರೆ. ಆ ಕಡೆ ಹೆಂಗಸೊಬ್ಬಳ ಅಳು.

"ಅಪ್ಪ ಬಚ್ಚಲಲ್ಲಿ ಬಿದ್ಬಿಟ್ಟಿದಾರೆ, ಒಳಗಿಂದ ಚಿಲಕ ಹಾಕಿದೆ, ದನೀನೇ ಇಲ್ಲ! ನೀರಿನ ಟ್ಯಾಂಕ್ ಹತ್ರ, ಬೇಗ ಬನ್ನಿ!"

"ಬಂದ್ವಮ್ಮ. ಬಾಗಿಲಲ್ಲಿ ನಿಂತ್ರೆ ಎದುರಿಗೆ ಏನು ಕಾಣ್ಸುತ್ತೆ?"

"ಟ್ಯಾಂಕ್ ಅಂದ್ನಲ್ಲ!"

"ಟ್ಯಾಂಕ್ ಬಿಟ್ಟು ಹೇಳು ತಾಯಿ."

"ಸೈಕಲ್ ರಿಪೇರಿ ಅಂಗಡಿ..."

ಫೋನಕ್ಕ ಹಿತ್ತಲ ಬಾಗಿಲಿಗೆ ಓಡಿ, "ಕೆಳಗಿನ ಟ್ಯಾಂಕು! ಸೈಕಲ್ ಅಂಗಡಿ ಎದುರು!" ಎಂದು ಕೂಗುತ್ತಾರೆ. ಅಲ್ಲಿ ಕಾದು ನಿಂತ ಆಂಬುಲೆನ್ಸ್ ವ್ಯಾನು ಹೊರಡುತ್ತದೆ. ಅದು ಮುಟ್ಟಿದ ಸುದ್ದಿ ಬರುವವರೆಗೆ ಫೋನಕ್ಕನ ಜೀವ ಕೈಯಲ್ಲಿ.

ಈ ಊರಿನ ಸ್ವಯಂಸೇವಕರ ಆಂಬುಲೆನ್ಸ್ ತಂಡ ಹುಟ್ಟಿದ್ದು ತರಕಾರಿ ವ್ಯಾನಿನಲ್ಲಿ. ಗಾರೆ ಕೆಲಸದವನೊಬ್ಬ ಮಹಡಿಯಿಂದ ಬಿದ್ದಾಗ, ತರಕಾರಿಯವನು ಹಿಂದೆಮುಂದೆ ನೋಡದೆ ಬುಟ್ಟಿಗಳನ್ನೆಲ್ಲ ಬೀದಿಗೆ ಸುರಿದು ಅವನನ್ನು ಆಸ್ಪತ್ರೆ ಮುಟ್ಟಿಸಿದ. ಆಮೇಲೆ ಕ್ಷೌರಿಕ, ಬಡಗಿ, ಮೇಷ್ಟ್ರು ಎಲ್ಲ ಸೇರಿ ಪಾಳಿ ಹಾಕಿಕೊಂಡರು. ಬೀದಿಯಲ್ಲಿ ಫೋನಿದ್ದದ್ದು ದರ್ಜಿ ಅಂಗಡಿಯಲ್ಲಿ ಮಾತ್ರ. "ಅಕ್ಕ, ಫೋನ್ ಬಂದ್ರೆ ನೀವೇ ಎತ್ಬಿಡಿ" ಎಂದರು. ಅಲ್ಲಿಗೆ ಹೆತ್ತವರಿಟ್ಟ ಹೆಸರು ಹೋಗಿ ಫೋನಕ್ಕ ಉಳಿಯಿತು. ಮುಂದೆ ಸ್ಟ್ರೆಚರ್ ಬಂತು, ಆಮ್ಲಜನಕದ ಸಿಲಿಂಡರ್ ಬಂತು, ಬಾವಿಗೆ ಬಿದ್ದವರನ್ನು ಎತ್ತುವ ಹಗ್ಗ ಬಂತು. ಬದಲಾಗದೆ ಉಳಿದದ್ದು ಫೋನಕ್ಕನ ಎದೆಬಡಿತ.

ಅದಕ್ಕೆ ಕಾರಣವಿದೆ. ಊರಿಗೆ ಟ್ಯಾಂಕು ಎರಡು. ಮೇಲಿನ ಬೀದಿಯವರಿಗೆ ಟ್ಯಾಂಕು ಅಂದರೆ ಮೇಲಿನದು, ಕೆಳಗಿನವರಿಗೆ ಕೆಳಗಿನದು. ಮೊದಲ ವರ್ಷ ಹೀಗೇ ಯಾರೋ "ಟ್ಯಾಂಕ್ ಹತ್ರ" ಎಂದಾಗ, ಮೇಲಿನ ಬೀದಿಯ ಫೋನಕ್ಕ ವ್ಯಾನನ್ನು ಮೇಲಕ್ಕೇ ಕಳಿಸಿದರು. ಅದು ತಿರುಗಿ ಬರುವಷ್ಟರಲ್ಲಿ ಕೆಳಗೆ ಗಡಿಯಾರ ರಿಪೇರಿಯವರೊಬ್ಬರ ಉಸಿರು ನಿಂತಿತ್ತು.

"ಹೊಲಿಗೆ ತಪ್ಪಿದ್ರೆ ಬಿಚ್ಬೋದು. ಕತ್ತರಿ ತಪ್ಪಿದ್ರೆ ಏನ್ ಮಾಡ್ತೀರಿ?" ಎನ್ನುತ್ತಾರೆ ಫೋನಕ್ಕ. ಅಂದಿನಿಂದ, ಬಾಗಿಲಲ್ಲಿ ನಿಂತರೆ ಏನು ಕಾಣುತ್ತೆ ಎಂದು ಕೇಳದೆ ಅವರು ಗಾಡಿ ಕಳಿಸಿಲ್ಲ. ಗಾಡಿ ಹೊರಗಿರುವಷ್ಟು ಹೊತ್ತು ಕತ್ತರಿ ಮುಟ್ಟುವುದೂ ಇಲ್ಲ. ಗುಂಡಿ ಹಾಕುತ್ತಾ ಕೂರುತ್ತಾರೆ.

ಈಗ ವ್ಯಾನು ಓಡಿಸುತ್ತಿರುವುದು ಅದೇ ಗಡಿಯಾರದವರ ಮಗಳು. "ಇವರನ್ನ ಬಯ್ಯೋಕೇ ಬಂದಿದ್ದೆ," ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. "ಅಷ್ಟರಲ್ಲಿ ಫೋನ್ ಬಂತು. ಬಾಗಿಲಲ್ಲಿ ಏನು ಕಾಣ್ಸುತ್ತೆ ಅಂತ ಅಕ್ಕ ಎರಡೆರಡು ಸಲ ಕೇಳಿದ್ರು. ಗಾಡಿ ಓಡ್ಸೋರು ಯಾರೂ ಇರ್ಲಿಲ್ಲ. ಬಯ್ಯೋದು ಆಮೇಲೆ, ಕೀ ಕೊಡಿ ಅಂದೆ."

ಆ ಬೈಗುಳ ಇನ್ನೂ ಬಾಕಿಯೇ ಇದೆ.

ದಾರ ಸೂಜಿಗೆ ಹೋಗುತ್ತಿಲ್ಲ. "ಯಾಕೆ ಇವಳು ಫೋನ್ ಮಾಡ್ತಿಲ್ಲ?" ಫೋನಕ್ಕ ರಿಸೀವರ್ ಸರಿಯಾಗಿ ಕೂತಿದೆಯೇ ಎಂದು ಮುಟ್ಟಿ ನೋಡುತ್ತಾರೆ. ಹುಡುಗನ ಅಂಗಿಗೆ ಗುಂಡಿ ತಪ್ಪು ಬದಿಗೆ ಬಿದ್ದಿದೆ, ಬಿಚ್ಚುತ್ತಾರೆ. ಸೈಕಲ್ ಅಂಗಡಿ ಮೇಲಿನ ಬೀದಿಯಲ್ಲೂ ಹೊಸದಾಗಿ ಏನಾದರೂ ಶುರುವಾಗಿದೆಯೇ?

ಫೋನು ಬಡಿಯುತ್ತದೆ.

"ಹತ್ತಿಸಿದ್ವಿ ಅಕ್ಕ. ಕಾಲು ಮುರಿದಿರ್ಬೇಕು, ಮಾತಾಡ್ತಿದಾರೆ. ಬಚ್ಚಲ ಬಾಗಿಲು ಮುರಿದ್ಳು ಅಂತ ಮಗಳನ್ನ ಬಯ್ತಿದಾರೆ!"

ಫೋನಕ್ಕ ನಗುತ್ತಾರೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ, ಕತ್ತರಿ ಕೈಗೆತ್ತಿಕೊಳ್ಳುತ್ತಾರೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಬಟ್ಟೆ ಕತ್ತರಿಸುತ್ತಲೇ ಹೇಳುತ್ತಾರೆ.

"ಊರೆಲ್ಲ ಕೇಳ್ತೀನಿ. ವ್ಯಾನ್ ಓಡ್ಸೋ ಈ ಹುಡುಗಿ ಮನೆ ಬಾಗಿಲಲ್ಲಿ ನಿಂತ್ರೆ ಏನು ಕಾಣ್ಸುತ್ತೋ, ಇವತ್ತಿಗೂ ಗೊತ್ತಿಲ್ಲ. ಒಂದಿನ ಹೋಗಿ ನಿಂತು ನೋಡ್ಬೇಕು. ಅಷ್ಟು ಧೈರ್ಯ ಬಂದ್ರೆ ಸಾಕು."