ಕುರ್ಚಿಯ ಮೇಲಿನ ಕೋಟು

ನಮ್ಮ ಮನೆತನದಲ್ಲಿ ಡಾಕ್ಟರ್ ಆಗುವುದು ಸಾಧ್ಯವೇ ಇಲ್ಲ ಎಂದವರು ನನ್ನ ಸೋದರಮಾವ ಬಸಪ್ಪ. ಹಳಿಯಾಳದ ಹತ್ತಿರದ ನಮ್ಮೂರ ಕಟ್ಟೆಯ ಮೇಲೆ ಕುಳಿತು, ಹೋಗಿ ಬರುವವರಿಗೆಲ್ಲ ಕೇಳುವಂತೆ, "ಇಂವಾ ಡಾಕ್ಟರ? ಎತ್ತಿಗೆ ಸೂಜಿ ಚುಚ್ಚಾಂವ ಆದ್ರ ಅದ ದೊಡ್ಡದು" ಎಂದಿದ್ದರು. ಅಪ್ಪನಿಗೆ ಸಹಿ ಮಾಡಲು ಬರುತ್ತಿರಲಿಲ್ಲ. ನಾನು ಮಠದ ಬೋರ್ಡಿಂಗಿನಲ್ಲಿ ಉಂಡು, ಇನ್ನೊಬ್ಬರ ಪುಸ್ತಕ ಓದಿ, ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಪಾಸಾದೆ. ಮಾವ ಆಗಲೂ ಒಪ್ಪಲಿಲ್ಲ. "ಕಾಗದ ಕೈಯಾಗ ಬರ್ಲಿ, ಆಮ್ಯಾಲ ಮಾತಾಡೂಣು" ಎಂದರು.

ಅದರಲ್ಲಿ ತಪ್ಪೇನೂ ಇರಲಿಲ್ಲ. ಪರೀಕ್ಷೆ ಪಾಸಾದ ಮೇಲೂ ಒಂದು ವರ್ಷ ಹಿರಿಯ ವೈದ್ಯರ ಕೈಕೆಳಗೆ ಹೌಸ್ ಸರ್ಜನ್ ಎಂದು ದುಡಿಯಬೇಕು. ಅವರು ಸಹಿ ಹಾಕಿದ ಸರ್ಟಿಫಿಕೇಟ್ ಸಿಗದಿದ್ದರೆ ನೋಂದಣಿ ಇಲ್ಲ. ನೋಂದಣಿ ಇಲ್ಲದೆ ಒಂದು ಗುಳಿಗೆಯನ್ನೂ ಬರೆದುಕೊಡುವಂತಿಲ್ಲ. ಅರವತ್ತರ ದಶಕದ ನಡುವೆ ಆ ವರ್ಷದ ಕೆಲಸಕ್ಕೆಂದು ನಾನು ದಾಂಡೇಲಿಗೆ ಬಂದೆ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ.

ಅಲ್ಲಿ ನನ್ನ ಜೊತೆಗಾರ ಮೆಹಬೂಬ. ಅಂಬೇವಾಡಿಯ ಹುಡುಗ, ಕಾಗದದ ಗಿರಣಿಯ ಕಾರ್ಮಿಕನ ಮಗ. ಅವನ ಮನೆಯಲ್ಲೂ ಅವನೇ ಮೊದಲ ಪದವೀಧರ. ನಮ್ಮ ಮುಖ್ಯ ಸರ್ಜನ್ನರನ್ನು ಎಲ್ಲರೂ ದೊಡ್ಡ ಸಾಹೇಬರು ಎನ್ನುತ್ತಿದ್ದರು. ಆ ಭಾಗದ ವೈದ್ಯರ ಸಂಘಕ್ಕೂ ಅವರೇ ಅಧ್ಯಕ್ಷರು. ಆ ವರ್ಷ ಅವರು ಸಂಘದ ಸಮಿತಿಯಲ್ಲಿ ತರಬೇತಿ ವೈದ್ಯರ ಪ್ರತಿನಿಧಿಗೆಂದು ಒಂದು ಸ್ಥಾನ ಹೊಸದಾಗಿ ಮಾಡಿದರು. ಹೌಸ್ ಸರ್ಜನ್‌ಗಳೆಲ್ಲ ಸೇರಿ ನನ್ನನ್ನು ಆರಿಸಿದರು. ಎದೆ ಉಬ್ಬಿತ್ತು, ಯಾಕೆ ಸುಳ್ಳು ಹೇಳಲಿ. ನಮ್ಮ ಕುಲದಲ್ಲಿ ಡಾಕ್ಟರರ ಸರಿಸಮಕ್ಕೆ ಕುರ್ಚಿಯಲ್ಲಿ ಕುಳಿತವರು ಯಾರೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಒಂದು ರೂಢಿಯಿತ್ತು. ದೊಡ್ಡ ಸಾಹೇಬರು ಹೊರಗೆ ಹೋಗುವಾಗ ಬಿಳಿ ಕೋಟನ್ನು ತಮ್ಮ ಕುರ್ಚಿಯ ಬೆನ್ನಿಗೆ ಹಾಕಿ ಹೋಗುತ್ತಿದ್ದರು. ಕೋಟು ಅಲ್ಲಿದ್ದರೆ ಸಾಹೇಬರು ಇದ್ದಾರೆ ಎಂದೇ ಲೆಕ್ಕ. ಅವರಿರುವಾಗ ಅವರ ಸಹಿಯಿಲ್ಲದೆ ಬೇರೆಯವರು ಚಾಕು ಹಿಡಿಯುವಂತಿಲ್ಲ, ರೋಗಿಯನ್ನು ಬೇರೆ ಊರಿಗೆ ಕಳಿಸುವಂತಿಲ್ಲ. ಸಂಘದ ಬಹಳಷ್ಟು ಹಿರಿಯರು ತಮ್ಮ ತಮ್ಮ ಆಸ್ಪತ್ರೆಗಳಲ್ಲಿ ಇದನ್ನೇ ಮಾಡುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಜೋಯಿಡಾ ಕಡೆಯಿಂದ ಸೋಮಾ ಎಂಬ ಬಿದಿರು ಕಡಿಯುವ ಕೂಲಿಯನ್ನು ತಂದರು. ಲಾರಿಗೆ ಹೇರುವಾಗ ಬಿದಿರಿನ ಹೊರೆ ಹೊಟ್ಟೆಯ ಮೇಲೆ ಬಿದ್ದಿತ್ತು. ನಾನು ರಜೆಯಲ್ಲಿದ್ದೆ, ಡ್ಯೂಟಿ ಮೆಹಬೂಬನದು. ಗುಲ್ಮ, ಅಂದರೆ ಸ್ಪ್ಲೀನ್, ಒಡೆದು ಒಳಗೇ ರಕ್ತ ಸುರಿಯುತ್ತಿದೆ ಎಂದು ಕೈಯಿಟ್ಟ ಕೂಡಲೇ ಅವನಿಗೆ ತಿಳಿಯಿತು. ಸಾಹೇಬರ ಬಂಗಲೆಗೆ ಆಳು ಓಡಿದ, ಅವರು ಇರಲಿಲ್ಲ. ಮೆಹಬೂಬ ಬಿದಿರಿನ ಲಾರಿಯಲ್ಲೇ ಹುಬ್ಬಳ್ಳಿಗೆ ಒಯ್ಯೋಣವೆಂದ. ಹಿರಿಯ ನರ್ಸಬಾಯಿ ಬಾಗಿಲಿಗೆ ಅಡ್ಡ ನಿಂತಳು.

"ಕೋಟ ಕುರ್ಚಿ ಮ್ಯಾಲ ಐತ್ರಿ, ಡಾಕ್ಟರ. ಸಹಿ ಇಲ್ದ ಕಳಸಿದ್ರ ನನ್ನ ನೌಕರಿ ಹೋಗತೈತಿ, ನಿಮ್ಮ ಕಾಗದ ಹೋಗತೈತಿ."

ಅವಳೊಡನೆ ವಾದಿಸಿ, ಕೊನೆಗೆ ಅವಳನ್ನು ಸರಿಸಿ ಸ್ಟ್ರೆಚರ್ ಹೊರಗೆ ತರುವಷ್ಟರಲ್ಲಿ ಸೋಮಾ ಸತ್ತಿದ್ದ.

ಸೋಮಾನ ಕಡೆಯವರು ಗಲಾಟೆ ಮಾಡಿದರು. ದೊಡ್ಡ ಸಾಹೇಬರು ತಣ್ಣಗೆ ಹೇಳಿಕೆ ಕೊಟ್ಟರು: "ನಾನು ಆಸ್ಪತ್ರೆಯ ಆವರಣದಲ್ಲೇ ಇದ್ದೆ. ಹೌಸ್ ಸರ್ಜನ್ ನನ್ನನ್ನು ಕರೆಯಲಿಲ್ಲ." ಮೆಹಬೂಬನ ವರ್ಷವನ್ನು ರದ್ದು ಮಾಡಬೇಕೋ ಬೇಡವೋ ಎಂದು ಆಸ್ಪತ್ರೆಯ ಆಡಳಿತ ಸಂಘದ ಅಭಿಪ್ರಾಯ ಕೇಳಿತು. ಸಂಘದ ಸಭೆಗೂ ಅಧ್ಯಕ್ಷರು ಅವರೇ.

ಆ ಭಾನುವಾರ ಸಾಹೇಬರು ಎಲ್ಲಿದ್ದರೆಂದು ಊರಿಗೇ ಗೊತ್ತಿತ್ತು. ಜೀಪಿನಲ್ಲಿ ಶಿಕಾರಿಗೆ ಹೋಗಿ ಕಡವೆ ಹೊಡೆದಿದ್ದರು. ಅವರು ಶಿಕಾರಿ ಮಾಡಿದರೆ ಸಂಘದವರ ಮನೆಮನೆಗೆ ಪಾಲು ಹೋಗುತ್ತಿತ್ತು. ಆ ಸಂಜೆಯೂ ಹೋಗಿತ್ತು.

ಸಭೆಯಲ್ಲಿ ಎದ್ದು ನಿಂತೆ. "ಸಾಹೇಬ್ರು ಆಸ್ಪತ್ರ್ಯಾಗ ಇದ್ರಂತ. ಹಂಗಾರ ಆವತ್ತು ಸಂಜೀಕ ಕಡವಿ ಪಾಲು ಯಾರ್ಯಾರ ಮನಿಗೆ ಬಂತೋ ಅವರು ಕೈ ಎತ್ತರಿ" ಎಂದೆ.

ಒಂದು ಕೈಯೂ ಏಳಲಿಲ್ಲ. ಮುಂಡಗೋಡದಿಂದ ಬಂದಿದ್ದ ಹಿರಿಯ ವೈದ್ಯರೊಬ್ಬರು ಚಹಾದ ಬಟ್ಟಲು ಕೆಳಗಿಟ್ಟು ನಕ್ಕರು. "ಯಾಕೋ ತಮ್ಮಾ, ಲಿಂಗಾ ಕಟ್ಟಿದಾಂವಂತ ನಿನಗ ಪಾಲು ಕಳಸಲಿಲ್ಲ. ಅದಕ್ಕ ಸಿಟ್ಟ ಬಂತೇನು?"

ಇಡೀ ಸಭೆ ನಕ್ಕಿತು. ಬಾಗಿಲ ಬಳಿ ನಿಂತಿದ್ದ ಮೆಹಬೂಬ ನೆಲ ನೋಡುತ್ತಿದ್ದ. ನಗು ಮುಗಿದ ಮೇಲೆ ಮತಕ್ಕೆ ಹಾಕಿದರು. ರದ್ದು ಮಾಡಲಿ ಎಂದು ಕೈಗಳು ಎದ್ದವು. ಬೇಡವೆಂದು ಎದ್ದದ್ದು ನನ್ನದೊಂದೇ.

"ಇಳಸಪಾ, ಕೈ ನೋಯತೈತಿ," ಎಂದರು ದೊಡ್ಡ ಸಾಹೇಬರು. "ಪ್ರತಿನಿಧಿ ಕೂಡಬಹುದು, ಮಾತಾಡಬಹುದು. ಅಂವನ ಕೈ ಎಣಿಸೂದಿಲ್ಲ." ಒಮ್ಮತದ ತೀರ್ಮಾನ ಎಂದು ಬರೆಸಿದರು.

ಮೆಹಬೂಬ ಬೇರೆ ಊರಲ್ಲಿ ಮೊದಲಿನಿಂದ ವರ್ಷ ಶುರುಮಾಡಬೇಕಿತ್ತು. ಆದರೆ ರೋಗಿಯನ್ನು ಕೊಂದವನೆಂಬ ಹೆಸರು ಅವನಿಗಿಂತ ಮುಂಚೆ ಎಲ್ಲ ಕಡೆ ತಲುಪಿತ್ತು. ಯಾವ ಆಸ್ಪತ್ರೆಯೂ ತೆಗೆದುಕೊಳ್ಳಲಿಲ್ಲ. ಅವನು ತಂದೆಯ ಗಿರಣಿಯಲ್ಲೇ ಬಿದಿರು ಇಳಿಸುವಲ್ಲಿ ಮೇಸ್ತ್ರಿಯಾದ.

ಮುಂದೆ ನಾನು ಒಂದು ಆಸ್ಪತ್ರೆಯ ಮುಖ್ಯಸ್ಥನಾದಾಗ ಮೊದಲ ದಿನವೇ ನನ್ನ ಕೋಣೆಯ ಕುರ್ಚಿ ತೆಗೆಸಿ ಬೆನ್ನಿಲ್ಲದ ಸ್ಟೂಲ್ ಹಾಕಿಸಿದೆ. ನಾನಿಲ್ಲದಾಗ ಇಲ್ಲ ಎಂದೇ ಬೋರ್ಡ್ ಹಾಕುತ್ತಿದ್ದೆ. ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ಮಾತಾಡಲು ಜಾಗ ಕೊಟ್ಟವರು ಕೇಳಲೆಂದೇ ಕೊಟ್ಟಿರುವುದಿಲ್ಲ, ಕೂಡುವ ಮೊದಲೇ ಎಣಿಕೆಯಲ್ಲಿ ನಾವು ಇದ್ದೇವೋ ಇಲ್ಲವೋ ಎಂದು ಕೇಳಿಕೊಳ್ಳಬೇಕು.

ದಾಂಡೇಲಿಯ ಆ ಸಭೆಯಾದ ಮೇಲೆ ನನ್ನ ಸರ್ಟಿಫಿಕೇಟ್ ಸಿಗುವುದಿಲ್ಲ ಎಂದುಕೊಂಡಿದ್ದೆ. ಸಾಹೇಬರು ಅದಕ್ಕಿಂತ ಜಾಣರು. ವರ್ಷ ಮುಗಿದ ದಿನವೇ ಆಸ್ಪತ್ರೆಯ ವರಾಂಡಾದಲ್ಲಿ ಎಲ್ಲರನ್ನೂ ಕರೆದರು. ಅಲ್ಲೇ ಉಳಿದಿದ್ದ ಮಗನ ಸಾಮಾನು ಒಯ್ಯಲೆಂದು ಸಾಹೇಬರೇ ಆ ದಿನ ಕರೆಸಿದ್ದ ಮೆಹಬೂಬನ ತಂದೆಯೂ ಟ್ರಂಕ್ ಹೊತ್ತು ಅಲ್ಲೇ ನಿಂತಿದ್ದರು. ಸಾಹೇಬರು ನನ್ನ ಹೆಗಲ ಮೇಲೆ ಕೈಹಾಕಿ, "ಇವನು ನಮ್ಮ ಹುಡುಗ. ಸಂಘಕ್ಕ ಭಾಳ ಉಪಕಾರ ಮಾಡ್ಯಾನ" ಎಂದು ಸರ್ಟಿಫಿಕೇಟ್ ಕೊಟ್ಟರು. ಮುದುಕರು ನನ್ನ ಮುಖವನ್ನೊಮ್ಮೆ, ಕಾಗದವನ್ನೊಮ್ಮೆ ನೋಡಿದರು. ಟ್ರಂಕನ್ನು ಇನ್ನೊಂದು ಹೆಗಲಿಗೆ ಬದಲಿಸಿ ಮೆಟ್ಟಿಲಿಳಿದರು.

ಊರಿಂದ ಬಂದಿದ್ದ ಬಸಪ್ಪ ಮಾವ ಧೋತರದ ಚುಂಗಿಗೆ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡರು. ಓದಲು ಬಾರದಿದ್ದರೂ ಮುದ್ರೆಯ ಮೇಲೆ ಬೆರಳಾಡಿಸಿದರು. ಅವರ ಕಣ್ಣು ತುಂಬಿತ್ತು.

"ದೊಡ್ಡವರ ಕೂಡ ಹೊಂದಿಕೊಂಡು ಹೋಗೂದು ಕಲತಿ ನೋಡು, ಅಳಿಯಾ," ಎಂದರು. "ಈಗ ಒಪ್ಪಿದೆ. ನೀ ಡಾಕ್ಟರ ಆದಿ."