ಮರಿಯಣ್ಣನಿಗೊಂದು ಸೀಟು

ಅರಸೀಕೆರೆಯಿಂದ ಹಳೇಬೀಡಿನ ಮೇಲೆ ಬೇಲೂರಿಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಮರಿಯಣ್ಣ ಕಂಡಕ್ಟರಾಗಿದ್ದಷ್ಟು ಕಾಲವೂ, ಮುದುಕರಿಗೆ ಜಾಗ ಮಾಡಿಕೊಡದೆ ರೈಟ್ ಹೇಳಿದವನಲ್ಲ. ನಿವೃತ್ತನಾಗಿ ಎಪ್ಪತ್ತು ದಾಟಿದ ಮೇಲೆ, ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಅವನ ಎಡಗೈ ಮಾತು ಕೇಳದಾಯಿತು. ಎಡಗಾಲೂ ಅದರ ಹಿಂದೆಯೇ ಹೋಯಿತು. ಲಕ್ವ.

ಮಗ ಧರ್ಮೇಶ್ ಬ್ಯಾಂಕಿನಲ್ಲಿದ್ದ. ಸೊಸೆ ಮೀನಾಕ್ಷಿ ಗಂಡಸಿಯ ಹೈಸ್ಕೂಲಿನಲ್ಲಿ ಟೀಚರು. ಅಪ್ಪನನ್ನು ಹಾಸನದ ಆಸ್ಪತ್ರೆಗೆ ಸೇರಿಸುವಾಗ ಧರ್ಮೇಶನಿಗೆ ಗಾಬರಿಯ ಜೊತೆಗೆ ಸಣ್ಣದೊಂದು ಹೆಮ್ಮೆಯೂ ಇತ್ತು. ತಪ್ಪದೆ ಕಂತು ಕಟ್ಟಿದ ಆರೋಗ್ಯ ವಿಮೆ ಕೊನೆಗೂ ಉಪಯೋಗಕ್ಕೆ ಬಂದಿತ್ತಲ್ಲ. ವಿಮೆಯೂ ಮಾತು ತಪ್ಪಲಿಲ್ಲ, ಆಸ್ಪತ್ರೆಯ ಬಿಲ್ಲು ಚುಕ್ತಾ ಆಯಿತು. ತಾಪತ್ರಯ ಶುರುವಾದದ್ದು ಮರಿಯಣ್ಣ ಮನೆಗೆ ಬಂದ ಮೇಲೆ. ಕೂತರೆ ಎಬ್ಬಿಸಲು, ಬಚ್ಚಲಿಗೆ ಹೋಗಲು ಒಬ್ಬರು ಬೇಕು. ಇದ್ದ ಇಬ್ಬರೂ ಬೆಳಿಗ್ಗೆಯೇ ಕೆಲಸಕ್ಕೆ ಹೊರಡುವವರು.

ವಿಮೆ ಮಾಡಿಸಿದ ಏಜೆಂಟ್ ಶಶಿಕಿರಣ್ ಬಂದ. ಕಾಫಿ ಕುಡಿದು, ಯಜಮಾನರು ಚೇತರಿಸಿಕೊಂಡದ್ದಕ್ಕೆ ಸಂತೋಷಪಟ್ಟು, ಈ ಪಾಲಿಸಿ ಆಸ್ಪತ್ರೆಯಲ್ಲಿ ಮಲಗಿದ್ದರೆ ಮಾತ್ರ ಎಂದ. ಮನೆಗೆ ಬಂದ ಮೇಲೆ ಒಂದಷ್ಟು ದಿನದ ಔಷಧಿಗೆ ಕೊಡುತ್ತಾರೆ, ನೋಡಿಕೊಳ್ಳುವವರ ಸಂಬಳಕ್ಕೆ ಕೊಡುವುದಿಲ್ಲ. ಅದಕ್ಕೂ ಕೊಡುವ ಪಾಲಿಸಿಗಳು ಎಲ್ಲೋ ಒಂದೆರಡು ಇರಬಹುದು, ಆದರೆ ಲಕ್ವ ಹೊಡೆಯುವ ಮೊದಲೇ ತಗೋಬೇಕಿತ್ತು.

"ಅಂದ್ರೆ ಮಲಗಿದ್ರೆ ದುಡ್ಡೈತೆ, ಎದ್ದು ಕೂತ್ರೆ ಇಲ್ಲ" ಅಂದ ಮರಿಯಣ್ಣ.

ಕಂಪನಿಯವರು ಹಾಗೇನೂ ಬರೆದಿಲ್ಲ ಎಂದ ಶಶಿಕಿರಣ್, ಹೊರಡುವ ಮೊದಲು ಧರ್ಮೇಶನ ವಯಸ್ಸು ವಿಚಾರಿಸಿಕೊಂಡ.

ಮುಂದಿನ ಭಾನುವಾರ ಬಾಡಿಗೆ ಕಾರು ಮಾಡಿಕೊಂಡು ಗೆಂಡೆಹಳ್ಳಿ ಕಡೆಯ ಒಂದು ವೃದ್ಧಾಶ್ರಮ ನೋಡಲು ಹೋದರು. ಹೂವಿನ ತೋಟ, ಭಜನೆಯ ಹಾಲ್, ಜಗಲಿಯಲ್ಲಿ ಕೇರಂ ಆಡುತ್ತಿದ್ದ ಕೆಂಪು ಕೆಂಪಗಿನ ಮುದುಕರು. ಮ್ಯಾನೇಜರ್ ಶರತ್ಚಂದ್ರ ಎಲ್ಲವನ್ನೂ ತೋರಿಸಿದ ಮೇಲೆ, ಇವರು ತಾವೇ ನಡೆಯುತ್ತಾರಾ, ಸ್ನಾನ ಮಾಡುತ್ತಾರಾ ಎಂದು ಕೇಳಿದ. ಇಲ್ಲ ಎಂದಾಗ ಅವನ ಮುಖ ಬಾಡಿತು. ಇಲ್ಲಿ ತಮ್ಮ ಕೆಲಸ ತಾವು ಮಾಡಿಕೊಳ್ಳುವವರಿಗೆ ಮಾತ್ರ ಪ್ರವೇಶ. ಆಮೇಲೆ ಹಾಸಿಗೆ ಹಿಡಿದರೆ ಮಕ್ಕಳನ್ನು ಕರೆಸಿ ಕಳಿಸಿಕೊಡುವುದು ನಿಯಮ.

ಕಾರು ಹೊರಟ ಮೇಲೆ ಮರಿಯಣ್ಣ, ಓಡಾಡೋರಿಗೆ ಆಶ್ರಮ, ಮಲಗಿದೋರಿಗೆ ಆಸ್ಪತ್ರೆ, ಮಧ್ಯದೋರು ಎಲ್ಲಿ ಇಳೀಬೇಕಲಾ ಎಂದು ಮಗನನ್ನು ಕೇಳಿದ.

ನೋಡಲು ಬಂದ ನೆಂಟರ ಹತ್ತಿರ ಎಲ್ಲಕ್ಕಿಂತ ಅಗ್ಗದ ಪಾಲಿಸಿ ಇತ್ತು: ಸೊಸೆ ಕೆಲಸ ಬಿಡುವುದು. ಅದಕ್ಕೆ ಕಂತಿಲ್ಲ, ವಯಸ್ಸಿನ ಮಿತಿಯಿಲ್ಲ. ಬಂದವರೆಲ್ಲ ಮೀನಾಕ್ಷಿಯ ಕೈಯ ಕಾಫಿ ಕುಡಿಯುತ್ತಲೇ ಅದನ್ನು ಹೇಳಿದರು. ಧರ್ಮೇಶ್ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಕೊನೆಗೆ ಮರಿಯಣ್ಣನೇ ಬಾಯಿ ಬಿಟ್ಟ. "ಕಾಲು ಬಿದ್ದಿರೋದು ನಂದು. ಅವಳ ಕೆಲ್ಸ ಯಾಕೆ ಬೀಳ್ಬೇಕು?"

ಎದುರುಮನೆಯಲ್ಲಿ ಕರಿಬಸವಯ್ಯ ಮೇಷ್ಟ್ರಿದ್ದರು. ನೆರೆಹೊರೆಯಾಗಿ ಎಷ್ಟೋ ವರ್ಷವಾಗಿದ್ದರೂ, ಮರಿಯಣ್ಣನ ಮನೆಯ ಗೇಟಿನ ಬಳಿಯೇ ನಿಂತು ದೇಶದ ವಿಚಾರವೆಲ್ಲ ಮಾತಾಡಿ ಹೋಗುವವರು. ಒಳಗೆ ಕರೆದರೆ, ಈಗಷ್ಟೇ ಕಾಫಿ ಆಯ್ತು ಎನ್ನುವರು. ಅದು ಜಾತಿಯ ಲೆಕ್ಕವೆಂದು ಮರಿಯಣ್ಣನಿಗೆ ಗೊತ್ತಿತ್ತು. ಅವರ ಹೆಂಡತಿ ಪುಷ್ಪಲತಾ ಅವರಿಗೆ ಈಚೆಗೆ ಮರೆವಿನ ಕಾಯಿಲೆ. ಒಂದು ಸಂಜೆ ಆಯಮ್ಮ ನೇರವಾಗಿ ಒಳಗೆ ಬಂದು ಮರಿಯಣ್ಣನ ಪಕ್ಕ ಕೂತು, ಮೀನಾಕ್ಷಿಯನ್ನು ಕಾಫಿ ಕೇಳಿದರು. ಯಾರ ಮನೆಯಲ್ಲಿ ಕುಡಿಯಬಾರದು ಅನ್ನುವುದನ್ನೂ ಅವರು ಮರೆತಿದ್ದರು.

ಹುಡುಕಿಕೊಂಡು ಬಂದ ಮೇಷ್ಟ್ರು ಗೇಟಿನಲ್ಲೇ ನಿಂತರು.

"ಬನ್ನಿ ಮೇಷ್ಟ್ರೇ" ಅಂದ ಮರಿಯಣ್ಣ. "ಅಮ್ಮಾವ್ರು ಎರಡನೇ ಲೋಟದಾಗವ್ರೆ."

ಅವತ್ತು ಮೇಷ್ಟ್ರು ಒಳಗೆ ಬಂದರು. ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ಹೆಂಡತಿಯ ಚಪ್ಪಲಿ. ಒಬ್ಬನ ಕೈಲಿ ಆಗುತ್ತಿಲ್ಲ ಮರಿಯಣ್ಣ ಎಂದು ತಲೆ ತಗ್ಗಿಸಿದರು. ಇಬ್ಬರಿಗೂ ಸೇರಿ ಒಬ್ಬರನ್ನು ಇಟ್ಟುಕೊಂಡರೆ ಹೇಗೆ ಎಂದವನು ಮರಿಯಣ್ಣ. ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದ ಕಣಕಟ್ಟೆಯ ಅಂಕಮ್ಮನನ್ನು ಮೀನಾಕ್ಷಿ ಹುಡುಕಿದಳು. ಮೇಷ್ಟ್ರ ಮನೆಗೆ ಮೆಟ್ಟಿಲು ಜಾಸ್ತಿ, ಆದ್ದರಿಂದ ಹಗಲೆಲ್ಲ ಇಬ್ಬರೂ ಮರಿಯಣ್ಣನ ಮನೆಯಲ್ಲೇ ಎಂದಾಯಿತು. ಮೇಷ್ಟ್ರು ಮೊದಲ ವಾರ ಮನೆಯಿಂದ ಫ್ಲಾಸ್ಕು ತಂದರು, ಎರಡನೇ ವಾರ ತರಲಿಲ್ಲ.

ಅಂಕಮ್ಮನದು ಒಂದೇ ಷರತ್ತು, ಭಾನುವಾರ ರಜೆ. ಎರಡೂ ಮನೆಯವರು ಬೆಚ್ಚಿದರು. ಭಾನುವಾರ ರಜೆಯನ್ನು ತನ್ನ ಹಕ್ಕೆಂದು ತಿಳಿದಿದ್ದ ಧರ್ಮೇಶನೇ, ಇಂಥ ಕೆಲಸದಲ್ಲಿ ರಜೆ ಅಂದರೆ ಹೇಗೆ ಎಂದ. ಅಂಕಮ್ಮ ಚೀಲ ಎತ್ತಿಕೊಂಡಳು. ಷರತ್ತು ಒಪ್ಪಿಗೆಯಾಯಿತು.

ದಿನವೂ ವ್ಯಾಯಾಮ ಮಾಡಿಸಿದ್ದರಿಂದ ಮರಿಯಣ್ಣ ಯುಗಾದಿಯ ಹೊತ್ತಿಗೆ ಕೋಲು ಹಿಡಿದು ಬಾಗಿಲತನಕ ನಡೆಯತೊಡಗಿದ. ಕೈ ಮಾತ್ರ ಪೂರಾ ಬರಲಿಲ್ಲ. ಭಾನುವಾರಗಳಲ್ಲಿ ಸ್ನಾನ ಮಾಡಿಸುವುದು ಧರ್ಮೇಶನ ಪಾಲಿಗೆ ಬಂತು. ಮೊದಲ ಸಲ ನೀರು ವಿಪರೀತ ಬಿಸಿಯಿತ್ತು. ಮರಿಯಣ್ಣ ತಡೆದುಕೊಂಡ, ಮಗ ಬೆನ್ನು ತಿಕ್ಕಿ ಬಹಳ ದಿನವಾಗಿತ್ತು. ಸಂಜೆ ಧರ್ಮೇಶ್ ಸೊಂಟ ಹಿಡಿದುಕೊಂಡು, ನಾಳೆ ಬ್ಯಾಂಕಿಗೆ ಬೇಗ ಹೋಗಬೇಕು ಎಂದ. ಕೆಲಸದ ಮೇಲೆ ಅಷ್ಟೊಂದು ಪ್ರೀತಿ ಅವನಿಗೆ ಹಿಂದೆಂದೂ ಬಂದಿರಲಿಲ್ಲ.